ಓಎಸ್ ಒಳಗೊಂದು ಓಎಸ್: ವೇಷದ ರಾಜ, ಪದ ಹೇಳುವ ಭಾಗವತ

ನಮ್ಮ ಅಕ್ಕನ ಮಗ ಒಂದು ಆಪರೇಟಿಂಗ್ ಸಿಸ್ಟಮ್ ಬರೆದಿದ್ದಾನೆ. ಓಎಸ್ ಅಂದರೆ ಇದೇ, ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಕೊನೇ ವರ್ಷ, ಅದಕ್ಕೇ ಈ ಪ್ರಾಜೆಕ್ಟು. ಒಟ್ಟು ಎರಡು ಸಾವಿರ ಸಾಲಿನ ಆಚೀಚೆ. ಪರದೆ ಮೇಲೆ ಅಕ್ಷರ ಮೂಡಿಸುತ್ತದೆ, ಕೀಲಿ ಒತ್ತಿದರೆ ಓದಿಕೊಳ್ಳುತ್ತದೆ, ಎರಡು ಕೆಲಸಗಳನ್ನು ಸರದಿ ಮೇಲೆ ಓಡಿಸುತ್ತದೆ. ಅಷ್ಟೇ. ಫೈಲ್ ಉಳಿಸಲು ಬರುವುದಿಲ್ಲ, ಇಂಟರ್ನೆಟ್ ಇಲ್ಲ, ಮೌಸ್ ಇಲ್ಲ. ಆದರೂ ಸೊನ್ನೆಯಿಂದ ತಾನೇ ಬರೆದದ್ದು.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಲ್ಯಾಪ್‌ಟಾಪ್ ಕಡೆ ಒಮ್ಮೆ ನೋಡಿ ಕೇಳಿದರಂತೆ: "ಇದು ವಿಂಡೋಸ್ ಒಳಗೆ ಒಂದು ಕಿಟಕಿಯಲ್ಲಿ ಓಡ್ತಾ ಇದೆಯಲ್ಲಪ್ಪಾ. ವಿಂಡೋಸ್ ಮೇಲೆ ಓಡೋದು ಪ್ರೋಗ್ರಾಂ. ಇದು ಓಎಸ್ ಹೇಗಾಗುತ್ತೆ?"

ಹುಡುಗ ತಬ್ಬಿಬ್ಬಾಗಿದ್ದಾನೆ. ಮಾರ್ಕ್ಸ್ ಬಂತು, ಆದರೆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಮಳೆ ಹಿಡಿದ ಮೇಲೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಬಂದವನು, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ನನ್ನ ಗಡಿಬಿಡಿಯ ಮಧ್ಯೆಯೇ ಕೇಳಿದ. "ಮಾವ, ನೀವೇ ಹೇಳಿ. ನಾನು ಬರೆದದ್ದು ಓಎಸ್ಸೋ ಅಲ್ವೋ?" ನಾನು ಬೆಂಗಳೂರಿನಲ್ಲಿ ಹನ್ನೆರಡು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ ತೋಟಕ್ಕೆ ವಾಪಸ್ ಬಂದವನು. ಇಂಥ ಪ್ರಶ್ನೆ ಸಿಕ್ಕರೆ ಬೋರ್ಡೋ ಔಷಧಿಯ ಡ್ರಮ್ಮನ್ನೂ ಮರೆಯುತ್ತೇನೆ.

ಪರೀಕ್ಷಕರ ಪ್ರಶ್ನೆ ಪೆದ್ದು ಪ್ರಶ್ನೆಯಲ್ಲ. ಅರ್ಧ ತಪ್ಪು, ಅರ್ಧ ಬಹಳ ಸರಿ. ನಮ್ಮದೇ ಓಎಸ್ ಬೇಕು, ಸ್ವದೇಶಿ ಓಎಸ್ ಬೇಕು ಎಂಬ ಮಾತು ಜೋರಾಗಿರುವ ಈ ಕಾಲದಲ್ಲಿ ಆ ಸರಿಯಿರುವ ಅರ್ಧವನ್ನು ಯಾರೂ ಕೇಳುತ್ತಿಲ್ಲ.

ಮೊದಲು ತಪ್ಪಿರುವ ಅರ್ಧ.

ಪವರ್ ಬಟನ್ ಒತ್ತಿದ ಕ್ಷಣದಲ್ಲಿ ಕಂಪ್ಯೂಟರಿಗೆ ವಿಂಡೋಸ್ ಗೊತ್ತಿಲ್ಲ, ಲಿನಕ್ಸ್ ಎಂಬ ಇನ್ನೊಂದು ಓಎಸ್ಸೂ ಗೊತ್ತಿಲ್ಲ. ಹಳೆಯ ಬಯಾಸ್ (ಯಂತ್ರವನ್ನು ಮೊದಲು ಎಬ್ಬಿಸುವ, ಅದರೊಳಗೇ ಇರುವ ತಂತ್ರಾಂಶ) ಪದ್ಧತಿಯಲ್ಲಿ ಅದು ಡಿಸ್ಕಿನ ಮೊದಲ 512 ಬೈಟನ್ನು ಎತ್ತಿಕೊಳ್ಳುತ್ತದೆ. ಅದರ ಕೊನೆಯ ಎರಡು ಬೈಟಿನಲ್ಲಿ 85 ಮತ್ತು 170 ಎಂಬ ಅಂಕೆಗಳಿದ್ದರೆ "ಇದು ಬೂಟ್ ಆಗೋ ಡಿಸ್ಕು" ಎಂದು ನಂಬುತ್ತದೆ. ಆ 512 ಬೈಟನ್ನು ಮೆಮೊರಿಯಲ್ಲಿ 31ನೇ ಕೆಬಿ ಮುಗಿಯುವ ಜಾಗದಲ್ಲಿ ಇಟ್ಟು ಅಲ್ಲಿಗೆ ಜಿಗಿಯುತ್ತದೆ. ಅಲ್ಲಿಂದ ಮುಂದೆ ನಿಮ್ಮ ಹಣೆಬರಹ. ಅಕ್ಷರಗಳನ್ನು ಬೈಟಾಗಿ ಬರೆದಿಡುವ ಯುಟಿಎಫ್-8 ಲೆಕ್ಕದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ಹಾಗಾಗಿ 512 ಬೈಟಿನಲ್ಲಿ ಈ ಪ್ಯಾರಾದ ಅರ್ಧವೂ ಹಿಡಿಸುವುದಿಲ್ಲ. ಅಷ್ಟು ಇಕ್ಕಟ್ಟಿನಲ್ಲಿ ನಿಂತು ಉಳಿದ ಓಎಸ್ಸನ್ನು ಡಿಸ್ಕಿನಿಂದ ಎಳೆದುಕೊಳ್ಳಬೇಕು.

ಹುಡುಗ ಬರೆದದ್ದು ಇದನ್ನೇ. ಆ ಬೈಟುಗಳನ್ನು ವಿಂಡೋಸ್ ಓದಿ ಅರ್ಥ ಮಾಡಿಕೊಂಡು ಓಡಿಸುತ್ತಿಲ್ಲ. ವಿಂಡೋಸ್ ಮೇಲೆ ಓಡುತ್ತಿರುವ ಪ್ರೋಗ್ರಾಂ ಯಾವುದು ಅಂದರೆ ಕ್ಯೂಎಮು. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಶುರು ಮಾಡಿದ್ದು, 2003ರಿಂದ ಎಲ್ಲರ ಕೈಗೆ ಸಿಗುತ್ತಿದೆ, ದುಡ್ಡು ಕೊಡಬೇಕಿಲ್ಲ. ಅದು ಒಂದು ಇಡೀ ಕಂಪ್ಯೂಟರಿನ ನಾಟಕ ಆಡುತ್ತದೆ. ಪ್ರೊಸೆಸರ್, ಮೆಮೊರಿ, ಡಿಸ್ಕು, ಕೀಬೋರ್ಡು, ಎಲ್ಲದರ ಪಾತ್ರವೂ ಅದರದೇ. ನೀವೇನೂ ಹೇಳದಿದ್ದರೆ 128 ಎಂಬಿ ಮೆಮೊರಿ ಇರುವ ಯಂತ್ರವನ್ನು ನಿಲ್ಲಿಸಿಕೊಡುತ್ತದೆ. ಹುಡುಗನ ಓಎಸ್‌ಗೆ ಅದೇ ಬೆಟ್ಟದಷ್ಟು.

ಇಷ್ಟು ಸುತ್ತು ಯಾಕೆ, ನೇರ ಲ್ಯಾಪ್‌ಟಾಪ್ ಮೇಲೇ ಓಡಿಸಬಾರದಾ? ಓಡಿಸಬಹುದು. ನಾನೂ ಒಂದು ಕಾಲದಲ್ಲಿ ಹಾಗೆಯೇ ಮಾಡಿದ್ದೆ. ಡಿಸ್ಕಿನ ಒಂದು ಭಾಗ ಬಿಡಿಸಿ ಇನ್ನೊಂದು ಓಎಸ್ ಹಾಕಲು ಹೋಗಿ, ಅಳಿಸಬಾರದ ಭಾಗವನ್ನೇ ಅಳಿಸಿದೆ. ಮನೆಯ ಗೃಹಪ್ರವೇಶದ ಫೋಟೋ ಅಷ್ಟೂ ಹೋಯಿತು. ತಪ್ಪು ನನ್ನದೇ, ಯಾರನ್ನೂ ಬೈಯುವ ಹಾಗಿರಲಿಲ್ಲ. ಅಮ್ಮ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ಕ್ಯೂಎಮು ಒಳಗಾದರೆ ಡಿಸ್ಕು ಅನ್ನುವುದು ಸುಮ್ನೆ ಒಂದು ಫೈಲು. ಓಎಸ್ ಕೆಟ್ಟರೆ ಕಿಟಕಿ ಮುಚ್ಚಿ ಇನ್ನೊಮ್ಮೆ ತೆರೆದರಾಯಿತು, ಎರಡು ಸೆಕೆಂಡಿನ ಮಾತು. ನಿಜವಾದ ಯಂತ್ರದಲ್ಲಿ ಒಂದು ತಪ್ಪಾಗಿ, ಅದನ್ನು ಸುಧಾರಿಸುವಾಗ ಎರಡನೆಯದಾಗಿ, ಅದನ್ನು ಸುಧಾರಿಸುವಾಗ ಮೂರನೆಯದಾದರೆ ಪ್ರೊಸೆಸರ್ ಕೈಚೆಲ್ಲಿ ರೀಸೆಟ್ ಆಗುತ್ತದೆ. ಏನಾಯಿತು ಅಂತ ಹೇಳುವುದೇ ಇಲ್ಲ. ಒಳಗಿನ ಯಂತ್ರವನ್ನಾದರೆ ನಡುವೆಯೇ ನಿಲ್ಲಿಸಿ, ಪ್ರೊಸೆಸರಿನ ಹೊಟ್ಟೆಯಲ್ಲಿ ಏನಿದೆ ಅಂತ ಸಾಲು ಸಾಲಾಗಿ ನೋಡಬಹುದು. ಅಮೆರಿಕದ ಎಂಐಟಿಯಲ್ಲಿ ಓಎಸ್ ಪಾಠಕ್ಕೆ ಬಳಸುವ ಎಕ್ಸ್‌ವಿ6 ಎಂಬ ಪುಟ್ಟ ಓಎಸ್ಸನ್ನು ಮಕ್ಕಳು ಓಡಿಸುವುದೂ ಕ್ಯೂಎಮು ಒಳಗೇ. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಶುರು ಮಾಡಿದ್ದು ಕೂಡ ಮಿನಿಕ್ಸ್ ಎಂಬ ಇನ್ನೊಂದು ಓಎಸ್ ಇದ್ದ ಯಂತ್ರದಲ್ಲಿ ಕೂತು. ಆಗ ಅವರಿಗೆ ಈ ಕಿಟಕಿಯ ಸುಖ ಇರಲಿಲ್ಲ, ಪ್ರತಿ ಸಲ ರೀಬೂಟ್ ಮಾಡಬೇಕಿತ್ತು.

ಹಾಗಾಗಿ ಹುಡುಗನಿಗೆ ನನ್ನ ಮೊದಲ ಉತ್ತರ ಸುಲಭ. ಅದೇ ಬೈಟುಗಳನ್ನು ಪೆನ್‌ಡ್ರೈವಿಗೆ ಬರೆದು ಬರಿಯ ಯಂತ್ರಕ್ಕೆ ಚುಚ್ಚಿದರೆ ವಿಂಡೋಸ್ ಇಲ್ಲದೆಯೇ ಅದು ಏಳಬೇಕು. ಎದ್ದರೆ ಅದು ಓಎಸ್.

ಏಳುತ್ತದಾ? ಅದಕ್ಕೆ ಆಮೇಲೆ ಬರುತ್ತೇನೆ.

ರಾಜನಿಗೆ ಗೊತ್ತಿಲ್ಲದ ಭಾಗವತ

ಕ್ಯೂಎಮು ಒಂದೇ ದಾರಿಯಲ್ಲ. ಅದು ಒಂದೊಂದು ಆದೇಶವನ್ನೂ ತಾನೇ ಬಿಡಿಸಿ, ಅನುವಾದ ಮಾಡಿ ಆಡಿಸುತ್ತದೆ. ಇದಕ್ಕೆ ಎಮ್ಯುಲೇಶನ್ ಅನ್ನುತ್ತಾರೆ. ಲಾಭ ಏನೆಂದರೆ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಎಆರ್‌ಎಂ ಚಿಪ್ಪಿನ ಓಎಸ್ಸನ್ನೂ ಓಡಿಸಬಹುದು. ನಷ್ಟ ಏನೆಂದರೆ ನಿಧಾನ. ನಿಜವಾದ ಕೆಲಸಕ್ಕೆ ಬೇಕಾದದ್ದು ವರ್ಚುವಲೈಸೇಶನ್. ಅದನ್ನು ಹೇಳಲು ನಮ್ಮ ಕಡೆಯವರಿಗೆ ಯಕ್ಷಗಾನ ಸಾಕು.

ರಂಗದ ಮೇಲೆ ಕಿರೀಟ ಇಟ್ಟ ರಾಜ ಇದ್ದಾನೆ. ಮೂರು ಲೋಕ ಅವನದು. ಗರ್ಜಿಸುತ್ತಾನೆ, ಕುಣಿಯುತ್ತಾನೆ, ಆಜ್ಞೆ ಕೊಡುತ್ತಾನೆ. ಹಿಂದೆ ಕೂತ ಭಾಗವತರು ಪದ ಎತ್ತಿದರೆ ಕುಣಿತ, ನಿಲ್ಲಿಸಿದರೆ ರಾಜನೂ ನಿಲ್ಲಬೇಕು. ಮಾತಿನ ಭಾಗ ಬಂದಾಗ ಭಾಗವತರು ಸುಮ್ಮನೆ ಕೇಳುತ್ತಾರೆ, ವೇಷಧಾರಿ ತನ್ನಷ್ಟಕ್ಕೆ ಅರ್ಥ ಹೇಳಲಿ ಅಂತ ಬಿಡುತ್ತಾರೆ. ಪ್ರಸಂಗ ಮುಂದೆ ಹೋಗಬೇಕಾದ ಜಾಗ ಬಂತೋ, ತಾಳ ಬಡಿದು ಕೈಗೆ ತೆಗೆದುಕೊಳ್ಳುತ್ತಾರೆ.

ಒಳಗಿನ ಓಎಸ್ ಆ ರಾಜ. ಹೊರಗಿರುವ ಹೈಪರ್‌ವೈಸರ್ ಭಾಗವತ. ಕೂಡು, ಕಳೆ ಮುಂತಾದ ಸಾಮಾನ್ಯ ಆದೇಶಗಳನ್ನು ಒಳಗಿನ ಓಎಸ್ ನೇರ ಪ್ರೊಸೆಸರ್ ಮೇಲೆ ಓಡಿಸುತ್ತದೆ, ಪೂರಾ ವೇಗದಲ್ಲಿ. ಯಂತ್ರದ ಮರ್ಮಕ್ಕೆ ಕೈ ಹಾಕುವ ಆದೇಶ ಬಂದರೆ ಪ್ರೊಸೆಸರ್ ಅಲ್ಲೇ ತಡೆದು ಹೈಪರ್‌ವೈಸರನ್ನು ಕರೆಯುತ್ತದೆ. ಅದು ಮಾಡಬೇಕಾದ್ದನ್ನು ತಾನು ಮಾಡಿ ಮತ್ತೆ ರಂಗ ಬಿಟ್ಟುಕೊಡುತ್ತದೆ. ರಾಜನಿಗೆ ಗೊತ್ತೇ ಆಗುವುದಿಲ್ಲ.

ಹೋಲಿಕೆ ಒಂದು ಜಾಗದಲ್ಲಿ ಮುರಿಯುತ್ತದೆ. ವೇಷಧಾರಿಗೆ ಭಾಗವತರು ಅಲ್ಲಿದ್ದಾರೆ ಅಂತ ಗೊತ್ತು, ಚೆನ್ನಾಗಿ ಹಾಡದಿದ್ದರೆ ಚೌಕಿಯಲ್ಲಿ ಜಗಳವೂ ಆಗುತ್ತದೆ!

ಈ ಆಟ ಹೊಸದೇನಲ್ಲ. ಐಬಿಎಂನವರು 1960ರ ದಶಕದಲ್ಲೇ ದೊಡ್ಡ ಯಂತ್ರಗಳಲ್ಲಿ ಮಾಡಿ, 1972ರಲ್ಲಿ ವಿಎಂ/370 ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಒಂದು ಯಂತ್ರ ಈ ಆಟಕ್ಕೆ ಒಗ್ಗಬೇಕಾದರೆ ಏನಿರಬೇಕು ಅಂತ 1974ರಲ್ಲಿ ಸಂಶೋಧಕರಾದ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಗಣಿತದಲ್ಲಿ ಬರೆದಿಟ್ಟರು. ಮರ್ಮಕ್ಕೆ ಕೈ ಹಾಕುವ ಪ್ರತಿ ಆದೇಶವೂ ಸಿಕ್ಕಿಬೀಳಲೇಬೇಕು ಅನ್ನುವುದು ಅದರ ತಿರುಳು. ನಮ್ಮ ಮನೆ ಮನೆಯ ಪಿಸಿಯ ಇಂಟೆಲ್ ಚಿಪ್ಪು ಆ ಪರೀಕ್ಷೆಯಲ್ಲಿ ಫೇಲು. ಪೆಂಟಿಯಮ್‌ನಲ್ಲಿ ಹೀಗೆ ಸಿಕ್ಕಿಬೀಳದ 17 ಆದೇಶಗಳಿವೆ ಅಂತ 2000ದಲ್ಲಿ ಸಂಶೋಧಕರು ಎಣಿಸಿ ತೋರಿಸಿದರು. ಅಧಿಕಾರವಿಲ್ಲದವನು ಇಂಟರಪ್ಟ್ (ಪ್ರೊಸೆಸರನ್ನು ನಡುವೆ ತಡೆದು ಕರೆಯುವ ಸೂಚನೆ) ನಿಲ್ಲಿಸಲು ಹೋದರೆ, ಆ ಆದೇಶಗಳಲ್ಲಿ ಒಂದು "ತಪ್ಪು" ಅಂತ ಕೂಗುವುದಿಲ್ಲ. ಕೇಳಿಸದವರ ಹಾಗೆ ಮುಂದೆ ಹೋಗಿಬಿಡುತ್ತದೆ. ಭಾಗವತರಿಗೆ ಸುದ್ದಿಯೇ ಮುಟ್ಟದಿದ್ದರೆ ಆಟ ನಡೆಸುವುದು ಹೇಗೆ?

1999ರಲ್ಲಿ ಬಂದ ವಿಎಂವೇರ್ ಅದಕ್ಕೊಂದು ಜಾಣ ಉಪಾಯ ಮಾಡಿತು. ಅಂಥ ಆದೇಶಗಳನ್ನು ಓಡುವ ಮೊದಲೇ ಹುಡುಕಿ ತಿದ್ದಿಬಿಡುವುದು. 2005ರಲ್ಲಿ ಇಂಟೆಲ್, 2006ರಲ್ಲಿ ಎಎಂಡಿ ಚಿಪ್ಪಿನಲ್ಲೇ ಈ ಸೌಲಭ್ಯ ಕೊಟ್ಟ ಮೇಲೆ ತಿದ್ದುವ ಕಷ್ಟ ತಪ್ಪಿತು. 2007ರಲ್ಲಿ ಲಿನಕ್ಸಿನ ತಿರುಳಾದ ಕರ್ನಲ್‌ಗೇ ಕೆವಿಎಂ ಎಂಬ ಹೈಪರ್‌ವೈಸರ್ ಸೇರಿತು. ಇವತ್ತು ಕ್ಲೌಡ್ ಅಂತ ನಾವು ಕರೆಯುವುದರ ಬಹುಪಾಲು ಇದೇ ಆಟ.

ಮೂರನೆಯದು ಒಂದಿದೆ, ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಅಲ್ಲೇ. ವಿಂಡೋಸ್ ಒಳಗೆ ಲಿನಕ್ಸ್ ಕೊಡುವ ಡಬ್ಲ್ಯುಎಸ್‌ಎಲ್ 2016ರಲ್ಲಿ ಬಂದಾಗ ಅದರಲ್ಲಿ ಲಿನಕ್ಸ್ ಕರ್ನಲ್ಲೇ ಇರಲಿಲ್ಲ. ಲಿನಕ್ಸ್ ಪ್ರೋಗ್ರಾಂ ಕೇಳಿದ್ದನ್ನು ವಿಂಡೋಸಿಗೆ ಅರ್ಥವಾಗುವ ಹಾಗೆ ತಿರುಗಿಸಿ ಹೇಳುವ ದುಭಾಷಿ ಇತ್ತು, ಅಷ್ಟೇ. ಪರೀಕ್ಷಕರ ಮಾತು ಅದಕ್ಕೆ ಸರಿಯಾಗಿ ಹೊಂದುತ್ತಿತ್ತು. ಮುಂದಿನ ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ದಾರಿ ಬದಲಿಸಿ, ನಿಜವಾದ ಲಿನಕ್ಸ್ ಕರ್ನಲ್ಲನ್ನೇ ಪುಟ್ಟ ವರ್ಚುವಲ್ ಯಂತ್ರದಲ್ಲಿ ಓಡಿಸತೊಡಗಿತು. ಈಗ ನಾವೇ ಬದಲಿಸಿ ಕಂಪೈಲ್ ಮಾಡಿದ ಕರ್ನಲ್ಲನ್ನು ಅಲ್ಲಿ ಕೂರಿಸಬಹುದು. ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಬರೆದರೆ ಸಾಕು. ಸೊನ್ನೆಯಿಂದ ಬರೆಯುವ ಹುಚ್ಚಿಲ್ಲದ, ಆದರೆ ತನ್ನದೇ ಓಎಸ್ ಬೇಕೆನ್ನುವ ವಿದ್ಯಾರ್ಥಿಗೆ ನಾನು ಹೇಳುವ ದಾರಿ ಇದು.

"ಶಿವಮೊಗ್ಗ" ಅಂತ ಬರೆಯುವ ಕಷ್ಟ

ಹುಡುಗನಿಗೆ ಒಂದು ಹಟ. ಓಎಸ್ ಎದ್ದ ತಕ್ಷಣ "ನಮಸ್ಕಾರ ಶಿವಮೊಗ್ಗ" ಅಂತ ಕನ್ನಡದಲ್ಲೇ ಬರಬೇಕು. ಎರಡು ಸಾವಿರ ಸಾಲಿನಲ್ಲಿ ನಾಲ್ಕುನೂರು ಸಾಲು ಅದಕ್ಕೇ ಹೋಗಿದೆ.

ಇಂಗ್ಲಿಷ್ ಬರೆಯುವುದು ನೀರು ಕುಡಿದಷ್ಟು ಸುಲಭ. ಪಿಸಿಯ ಹಳೆಯ ಅಕ್ಷರ ಪರದೆ 25 ಸಾಲು, ಸಾಲಿಗೆ 80 ಮನೆ. ಮನೆಗೆ ಎರಡು ಬೈಟ್. ಒಂದು ಬೈಟಿನಲ್ಲಿ ಅಕ್ಷರ, ಇನ್ನೊಂದರಲ್ಲಿ ಬಣ್ಣ. ಮೆಮೊರಿಯ ಆ ಜಾಗಕ್ಕೆ ಅಂಕೆ ತುಂಬಿದರೆ ಅಕ್ಷರ ತಾನಾಗಿ ಮೂಡುತ್ತದೆ. ಒಂದು ಬೈಟಿಗೆ ಹಿಡಿಸುವುದು 256 ಆಕಾರ. ಇಂಗ್ಲಿಷಿಗೆ ಬೇಕಾದಷ್ಟಾಯಿತು.

ಕನ್ನಡಕ್ಕೆ? "ಶಿವಮೊಗ್ಗ" ಕಣ್ಣಿಗೆ ನಾಲ್ಕು ಅಕ್ಷರ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಎಂಟು ಸಂಕೇತ: ಶ, ಗುಡಿಸು, ವ, ಮ, ಒಕಾರದ ಚಿಹ್ನೆ, ಗ, ವಿರಾಮ, ಇನ್ನೊಂದು ಗ. ಯುಟಿಎಫ್-8ರಲ್ಲಿ 24 ಬೈಟ್. ಈ ಎಂಟನ್ನು ಸಾಲಾಗಿ ಪರದೆಗೆ ಚೆಲ್ಲಿದರೆ ಶಿವಮೊಗ್ಗ ಕಾಣುವುದಿಲ್ಲ. ಗುಡಿಸು ಶ ಜೊತೆ ಬೆಸೆದು ಹೊಸ ಆಕಾರವಾಗಬೇಕು. ಎರಡನೇ ಗ ಕೆಳಗಿಳಿದು ಒತ್ತಾಗಬೇಕು. ಯಾವುದು ಎಲ್ಲಿ ಕೂರಬೇಕು, ಯಾವುದು ಯಾವುದರ ಜೊತೆ ಸೇರಿ ಏನಾಗಬೇಕು ಅನ್ನುವ ಲೆಕ್ಕವನ್ನು ವಿಂಡೋಸ್, ಆಂಡ್ರಾಯ್ಡ್‌ಗಳಲ್ಲಿ ಒಂದು ದೊಡ್ಡ ತಂತ್ರಾಂಶ ಭಾಗ ಮಾಡುತ್ತದೆ. ನಾವು ಫೋನಿನಲ್ಲಿ ಕನ್ನಡ ಓದುವಾಗ ಅದರ ನೆನಪೂ ಬರುವುದಿಲ್ಲ. ಸೊನ್ನೆಯಿಂದ ಬರೆದ ಓಎಸ್‌ನಲ್ಲಿ ಅದು ಎಲ್ಲಿಂದ ಬರಬೇಕು?

ವಿಂಡೋಸಿಗೂ ಹಿಂದಿನ ಡಾಸ್ ಎಂಬ ಓಎಸ್ ಕಾಲದಲ್ಲೂ ಇದೇ ತಲೆನೋವು. ಆಗ ಪರಿಹಾರವಾಗಿ ಬಂದದ್ದು ಐಐಟಿ ಕಾನ್ಪುರದಲ್ಲಿ ಬೇರು ಬಿಟ್ಟು ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡು. ಭಾರತೀಯ ಲಿಪಿ ತೋರಿಸಲು ಕಂಪ್ಯೂಟರಿಗೇ ಒಂದು ಹೆಚ್ಚುವರಿ ಹಾರ್ಡ್‌ವೇರ್ ಚುಚ್ಚುತ್ತಿದ್ದರು.

ಹುಡುಗ ಏನು ಮಾಡಿದ? ಅಕ್ಷರ ಪರದೆ ಬಿಟ್ಟು ಚುಕ್ಕಿಗಳ ಪರದೆಗೆ ಹೋದ. ಬೇಕಾದ ಅಷ್ಟೂ ಅಕ್ಷರಗಳನ್ನು ಚಿತ್ರವಾಗಿ ಕೈಯಲ್ಲೇ ಬಿಡಿಸಿ ಅಂಟಿಸಿದ. "ಇದು ಬರೆದದ್ದಲ್ಲ ಕಣೋ, ಹಚ್ಚಿದ್ದು" ಅಂದೆ. ನಕ್ಕ. "ಹೌದು ಮಾವ, 'ತೀರ್ಥಹಳ್ಳಿ' ಅಂತ ಬರಿ ಅಂದ್ರೆ ಸಿಕ್ಕಿಬೀಳ್ತೀನಿ" ಅಂದ. ಅರ್ಕಾವತ್ತು, ಥ, ಹ, ಳ್ಳಿ, ಯಾವುದೂ ಅವನ ಚಿತ್ರದ ಪಟ್ಟಿಯಲ್ಲಿ ಇಲ್ಲ.

ಸ್ವದೇಶಿ ಓಎಸ್ ಮಾತು ಬಂದಾಗಲೆಲ್ಲ ನನಗೆ ಈ ನಾಲ್ಕುನೂರು ಸಾಲು ನೆನಪಾಗುತ್ತದೆ. ಸಿ-ಡ್ಯಾಕ್‌ನ ಬಾಸ್ ಇದೆ, ಅದು ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ್ದು. 2023ರಲ್ಲಿ ರಕ್ಷಣಾ ಇಲಾಖೆಯ ಮಾಯಾ ಸುದ್ದಿಯಾಯಿತು, ಅದು ಉಬುಂಟು ಲಿನಕ್ಸ್ ಮೇಲೆ. ಅದೇ ವರ್ಷ ಐಐಟಿ ಮದ್ರಾಸಿನ ಕಡೆಯಿಂದ ಬಂದ ಭಾರ್‌ಓಎಸ್, ಆಂಡ್ರಾಯ್ಡಿನ ಮುಕ್ತ ಆವೃತ್ತಿಯ ಮೇಲೆ. ಇವನ್ನು ಕಂಡು "ಬರೀ ಬಣ್ಣ ಬದಲಿಸಿದ್ದು" ಅಂತ ಹಂಗಿಸುವವರಿದ್ದಾರೆ. ನಾನು ಆ ಗುಂಪಲ್ಲ. ಸೊನ್ನೆಯಿಂದ ಬರೆದು ಕನ್ನಡ ಸರಿಯಾಗಿ ಮೂಡಿಸುವ ಹೊತ್ತಿಗೆ ಎಷ್ಟು ವರ್ಷ ಹೋಗುತ್ತದೆ ಅಂತ ಕೈ ಸುಟ್ಟುಕೊಂಡವರಿಗೆ ಗೊತ್ತು. ಬೇರೆಯವರ ಅಡಿಪಾಯದ ಮೇಲೆ ಮನೆ ಕಟ್ಟುವುದರಲ್ಲಿ ತಪ್ಪಿಲ್ಲ. ಆದರೆ "ಪೂರಾ ನಮ್ಮದು" ಅಂತ ಬೋರ್ಡು ಹಾಕುವಾಗ ಅಡಿಪಾಯ ಯಾರದು ಅನ್ನುವುದನ್ನೂ ಹೇಳಬೇಕು. ಪರೀಕ್ಷಕರ ಪ್ರಶ್ನೆಯ ಸರಿಯಾದ ಅರ್ಧ ಇಲ್ಲಿಂದ ಶುರುವಾಗುತ್ತದೆ: ಕೆಳಗೆ ಇರುವವರು ಯಾರು?

ಕೆಳಗಿನ ಕೆಳಗೆ

ವಿಂಡೋಸ್ ಹೊರಗಿದೆ, ಹುಡುಗನ ಓಎಸ್ ಒಳಗಿದೆ ಅಂತ ಇಷ್ಟು ಹೊತ್ತು ಹೇಳಿದೆ. ಇವತ್ತಿನ ಎಷ್ಟೋ ಲ್ಯಾಪ್‌ಟಾಪಿನಲ್ಲಿ ಅದೂ ಪೂರ್ತಿ ನಿಜವಲ್ಲ. ಮೈಕ್ರೋಸಾಫ್ಟಿನ ಹೈಪರ್-ವಿ ಚಾಲೂ ಆದರೆ ಅದು ವಿಂಡೋಸಿನ ಕೆಳಗೆ ಹೋಗಿ ಕೂರುತ್ತದೆ. ಆಗ ನಾವು ದಿನಾ ನೋಡುವ ವಿಂಡೋಸೇ ಅದರ ಮೇಲಿನ ಒಂದು ವೇಷ. ಅಧಿಕಾರ ಜಾಸ್ತಿ ಇರುವ ವೇಷ, ಆದರೂ ವೇಷವೇ. ವಿಂಡೋಸ್ 11 ಬಂದ ಮೇಲೆ ಹೊಸ ಯಂತ್ರಗಳಲ್ಲಿ ಭದ್ರತೆಗಾಗಿ ಇದು ಮೊದಲಿನಿಂದಲೇ ಆನ್ ಇರುವುದು ಸಾಮಾನ್ಯ.

ಇದರಲ್ಲಿ ಕೆಟ್ಟದ್ದೇನಿಲ್ಲ, ಕಳ್ಳ ತಂತ್ರಾಂಶ ಕರ್ನಲ್ ಒಳಗೆ ನುಗ್ಗುವುದು ಕಷ್ಟವಾಗುತ್ತದೆ. ಆದರೆ ಚಿಪ್ಪಿನ ಆ ಸೌಲಭ್ಯ ಮೊದಲು ಹಿಡಿದವರ ಪಾಲು. ಆಮೇಲೆ ಬರುವ, ಇಂಥದೇ ಒಳಗಿನ ಯಂತ್ರ ಕಟ್ಟಿಕೊಡುವ ವರ್ಚುವಲ್‌ಬಾಕ್ಸ್ ಹೈಪರ್-ವಿಯನ್ನು ಕೇಳಿಕೊಂಡು ಕೆಲಸ ಮಾಡಬೇಕು. ಹಾಗಾದಾಗ ಅದರ ಕಿಟಕಿಯ ಕೆಳಗೆ ಒಂದು ಹಸಿರು ಆಮೆ ಕಾಣಿಸಿಕೊಳ್ಳುತ್ತದೆ. ಚಂದಕ್ಕೆ ಹಾಕಿದ ಚಿತ್ರವಲ್ಲ ಅದು. ನಿಧಾನ ಆಗುತ್ತೆ, ತಯಾರಾಗಿರಿ ಅಂತ ಅರ್ಥ. ಲ್ಯಾಬಿನಲ್ಲಿ "ನನ್ನ ಲ್ಯಾಪ್‌ಟಾಪ್ ಹೊಸದು, ಆದ್ರೂ ಅವನ ಹಳೇದಕ್ಕಿಂತ ಸ್ಲೋ" ಅಂತ ಗೊಣಗುವ ಮಕ್ಕಳು ಮೊದಲು ಆ ಆಮೆ ಇದೆಯಾ ನೋಡಲಿ.

ಇನ್ನೂ ಕೆಳಗೆ ಹೋಗೋಣ. 2017ರಲ್ಲಿ ಒಂದು ತಮಾಷೆ ಸುದ್ದಿ ಹೊರಬಿತ್ತು. ಇಂಟೆಲ್ ಚಿಪ್‌ಸೆಟ್ಟಿನೊಳಗೆ ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಪ್ರತ್ಯೇಕ ಪುಟ್ಟ ಕಂಪ್ಯೂಟರ್ ಇದೆ. ಅದರೊಳಗೆ ಓಡುತ್ತಿರುವುದು ಮಿನಿಕ್ಸ್ 3. ಪಾಠಕ್ಕೆಂದು ಶುರುವಾದ ಅದೇ ಮಿನಿಕ್ಸ್ ಮನೆತನ! ಅದನ್ನು ಬರೆದ ಪ್ರೊಫೆಸರ್ ಆಂಡ್ರ್ಯೂ ಟನೆನ್‌ಬಾಮ್ ಇಂಟೆಲ್‌ಗೆ ಬಹಿರಂಗ ಪತ್ರ ಬರೆದರು. ಬಳಸಿದ್ದಕ್ಕೆ ಬೇಜಾರಿಲ್ಲ, ಒಂದು ಮಾತು ಹೇಳಿದ್ದರೆ ಚೆನ್ನಾಗಿತ್ತು ಅನ್ನುವ ಧಾಟಿ. ಲ್ಯಾಪ್‌ಟಾಪಿನಲ್ಲಿ ಯಾವ ಓಎಸ್ ಇದೆ ಅಂತ ಕೇಳಿದರೆ ನಾವು ವಿಂಡೋಸ್ ಅನ್ನುತ್ತೇವೆ. ಅದರ ಕೆಳಗೆ ಯಾರೂ ಕೇಳದೆಯೇ ಇನ್ನೊಂದು ಕೂತಿರುತ್ತದೆ.

ಕೆಳಗಿನವರು ಯಾವಾಗ ಬೇಕಾದರೂ ಮನಸ್ಸು ಬದಲಿಸಬಹುದು ಅನ್ನುವುದಕ್ಕೂ ಉದಾಹರಣೆ ಕಣ್ಣೆದುರೇ ಇದೆ. ವಿಎಂವೇರ್ ಕಂಪನಿಯನ್ನು 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕೊಂಡಿತು. ದೊಡ್ಡ ಗ್ರಾಹಕರ ಪರವಾನಗಿ ಪದ್ಧತಿಯೇ ಬದಲಾಗಿ ಚಂದಾ ಲೆಕ್ಕಕ್ಕೆ ಬಂತು. ಇತ್ತ ನಮ್ಮಂಥವರ ಲ್ಯಾಪ್‌ಟಾಪಿಗೆ ಬೇಕಾದ ವರ್ಕ್‌ಸ್ಟೇಶನ್ ಪ್ರೋ 2024ರಲ್ಲಿ ಬಿಟ್ಟಿಯಾಯಿತು. ಆಪಲ್ 2020ರಲ್ಲಿ ಇಂಟೆಲ್ ಬಿಟ್ಟು ತನ್ನದೇ ಚಿಪ್ಪಿಗೆ ಹೋದಾಗ, ಮ್ಯಾಕ್ ಒಳಗೆ ಪಿಸಿಯ ಓಎಸ್ಸನ್ನು ಪೂರಾ ವೇಗದಲ್ಲಿ ಓಡಿಸುತ್ತಿದ್ದವರು ಮತ್ತೆ ನಿಧಾನದ ಎಮ್ಯುಲೇಶನ್‌ಗೆ ಬಂದು ನಿಂತರು. ಹುಡುಗನ ಓಎಸ್‌ನ ಒಂದು ಸಾಲೂ ಬದಲಾಗದೆ ಅದರ ಹಣೆಬರಹ ಬದಲಾಗುತ್ತದೆ.

ಗೋಡೆ ಎಷ್ಟು ಗಟ್ಟಿ ಅನ್ನುವುದೂ ನೋಡಬೇಕು. 2015ರಲ್ಲಿ ವೆನಮ್ ಎಂಬ ಹೆಸರಿನ ತೂತು ಸಿಕ್ಕಿತು. ಒಳಗಿನ ಓಎಸ್‌ನಿಂದ ಹೊರಗೆ ನುಸುಳಲು ದಾರಿ ಮಾಡಿಕೊಡುವಂಥದ್ದು. ಎಲ್ಲಿತ್ತು ಗೊತ್ತಾ? ಕ್ಯೂಎಮು ನಟಿಸುತ್ತಿದ್ದ ಫ್ಲಾಪಿ ಡ್ರೈವಿನಲ್ಲಿ. ಫ್ಲಾಪಿ ಕಂಡೇ ಇರದ ಮಕ್ಕಳು ಕಾಲೇಜು ಸೇರುವ ಕಾಲಕ್ಕೆ, 2004ರಿಂದ ಅಲ್ಲೇ ಬಿದ್ದಿದ್ದ ತಪ್ಪು.

ಇದೆಲ್ಲ ವಿದ್ಯಾರ್ಥಿಗಳ ಕಥೆ ಮಾತ್ರ ಅಂದುಕೊಳ್ಳಬೇಡಿ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನ ಪರಿಚಯದವರೊಬ್ಬರ ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಉತ್ತರಕ್ರಿಯೆ ಪತ್ರ, ಕರಪತ್ರ. ಇಪ್ಪತ್ತು ವರ್ಷದ ಕೆಲಸ ಅಷ್ಟೂ ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ, ಹಳೇ ನುಡಿ ಫಾಂಟಿನಲ್ಲಿ ಇದೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಬರುವುದಿಲ್ಲ. ವಿಂಡೋಸ್ 10ರ ಉಚಿತ ಭದ್ರತಾ ಅಪ್‌ಡೇಟು 2025ರ ಅಕ್ಟೋಬರ್ 14ಕ್ಕೆ ಮುಗಿದಾಗ ಅವರು ಹೊಸ ಯಂತ್ರ ತಗೊಂಡರು. ಹಳೆಯ ಫೈಲುಗಳು?

ಹೊಸ ಯಂತ್ರದೊಳಗೆ ಹಳೆಯ ವಿಂಡೋಸ್ ಎಕ್ಸ್‌ಪಿಯ ಒಂದು ಕಿಟಕಿ ತೆರೆದುಕೊಟ್ಟಿದ್ದೇವೆ. ಅವರ ಬಳಿ ಎಕ್ಸ್‌ಪಿಯ ಸಿಡಿ, ಕೀ ಎರಡೂ ಇದ್ದವು. ಆ ಕಿಟಕಿಗೆ ಇಂಟರ್ನೆಟ್ ಕೊಟ್ಟಿಲ್ಲ, ಕೊಡಲೂಬಾರದು. ಸರಿಯಾಗಿ ಓಡುವ ಒಂದು ಸ್ಥಿತಿಯ ಸ್ನ್ಯಾಪ್‌ಶಾಟ್ ಇಟ್ಟಿದ್ದೇವೆ, ಕೆಟ್ಟರೆ ಅಲ್ಲಿಗೆ ವಾಪಸ್. ಪ್ರತಿ ತಿಂಗಳು ಆ ಡಿಸ್ಕ್ ಫೈಲನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡುತ್ತಾರೆ. "ಹಳೇ ಅಂಗಡಿನ ಡಬ್ಬಿಲಿ ಹಾಕಿ ಹೊಸ ಅಂಗಡಿ ಅಟ್ಟದ ಮೇಲೆ ಇಟ್ಟ ಹಾಗಾಯ್ತು ನೋಡಿ" ಅಂದರು. ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. ಆದರೆ ಡಾಂಗಲ್ (ಪರವಾನಗಿಯ ಕೀಲಿ ಇರುವ ಪುಟ್ಟ ಸಾಧನ) ಚುಚ್ಚಿ ಓಡಿಸುವ ತಂತ್ರಾಂಶ ಇರುವವರು ಇದನ್ನು ನಂಬಿ ಹಳೆಯ ಯಂತ್ರ ಮಾರುವ ಮೊದಲು, ಒಳಗಿನ ಕಿಟಕಿಗೆ ಡಾಂಗಲ್ ಕಾಣುತ್ತದಾ ಅಂತ ಪರೀಕ್ಷೆ ಮಾಡಿಕೊಳ್ಳಿ. ಪ್ಯಾರಲಲ್ ಪೋರ್ಟಿನ ಹಳೆಯ ಡಾಂಗಲ್ ಆದರೆ ಆಸೆ ಕಡಿಮೆ.

ಮತ್ತೆ ಹುಡುಗನ ಕಡೆ. ಪೆನ್‌ಡ್ರೈವಿಗೆ ಹಾಕಿ ಬರಿಯ ಯಂತ್ರದಲ್ಲಿ ಏಳುತ್ತದಾ ಅಂತ ಕೇಳಿದ್ದೆನಲ್ಲ. ನಮ್ಮ ಅಟ್ಟದಲ್ಲಿ ಒಂದು ಹಳೆಯ ಕೋರ್ 2 ಡುಯೋ ಪಿಸಿ ಇತ್ತು. ಗೆದ್ದಲು ಹಿಡಿಯದ ಪುಣ್ಯ. ಕರೆಂಟ್ ಬರಲು ಸಂಜೆವರೆಗೆ ಕಾದು, ಇಳಿಸಿ, ಒರೆಸಿ, ಚಾಲೂ ಮಾಡಿದೆವು.

ಏಳಲಿಲ್ಲ. ಕಪ್ಪು ಪರದೆ.

ಒಂದು ರಾತ್ರಿ ಇಡೀ ಹುಡುಕಿದ ಮೇಲೆ ಎರಡು ಕಾರಣ ಸಿಕ್ಕವು. ಮೊದಲನೆಯದು, ಕೆಲವು ಬಯಾಸ್‌ಗಳಿಗೆ ಪೆನ್‌ಡ್ರೈವಿನ ಮೊದಲ 512 ಬೈಟಿನಲ್ಲಿ ಡಿಸ್ಕಿನ ಲೆಕ್ಕ ಬರೆಯುವ ಜಾಗ ಇದ್ದೇ ಇರುತ್ತದೆ ಎಂಬ ನಂಬಿಕೆ. ಅಲ್ಲಿ ತಮ್ಮ ಅಂಕೆಗಳನ್ನು ತುಂಬಿಬಿಡುತ್ತವೆ. ಹುಡುಗನ ಕೋಡು ಅದೇ ಜಾಗದಲ್ಲಿತ್ತು. ಎರಡನೆಯದು ಇನ್ನೂ ಸೂಕ್ಷ್ಮ. ಕ್ಯೂಎಮು ಕೊಡುವ ಮೆಮೊರಿ ತೊಳೆದಿಟ್ಟ ಪಾತ್ರೆಯ ಹಾಗೆ, ಎಲ್ಲ ಕಡೆ ಸೊನ್ನೆ. ನಿಜವಾದ ಮೆಮೊರಿಯಲ್ಲಿ ಏನೇನೋ ಕಸ ಇರುತ್ತದೆ. ಒಂದು ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡಲು ಅವನು ಮರೆತಿದ್ದ. ಒಳಗಿನ ಯಂತ್ರದಲ್ಲಿ ಅದು ಆರು ತಿಂಗಳು ಗೊತ್ತೇ ಆಗಿರಲಿಲ್ಲ. ಪರೀಕ್ಷಕರು ಕೇಳಬೇಕಾಗಿದ್ದ ಪ್ರಶ್ನೆ ಇದು.

ಎರಡನ್ನೂ ತಿದ್ದಿ, ಬೆಳಗಿನ ಕಾಫಿ ಹೊತ್ತಿಗೆ ಮತ್ತೆ ಚುಚ್ಚಿದೆವು. "ನಮಸ್ಕಾರ ಶಿವಮೊಗ್ಗ" ಬಂತು. ವಿಂಡೋಸ್ ಇಲ್ಲ, ಕ್ಯೂಎಮು ಇಲ್ಲ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ಇಷ್ಟಕ್ಕಾ ರಾತ್ರಿ ಎಲ್ಲ ಲೈಟು ಉರಿಸಿದ್ದು?" ಅಂದು ಒಳಗೆ ಹೋದಳು.

ಆದರೆ ಕೀಲಿ ಒತ್ತಿದರೆ ಏನೂ ಆಗುತ್ತಿಲ್ಲ. ಕ್ಯೂಎಮು ನಟಿಸುವುದು ದುಂಡು ಪಿನ್ನಿನ ಹಳೆಯ ಪಿಎಸ್/2 ಕೀಬೋರ್ಡು, ಹುಡುಗನ ಓಎಸ್‌ಗೆ ಗೊತ್ತಿರುವುದೂ ಅದೇ. ನಾವು ಚುಚ್ಚಿದ್ದು ಯುಎಸ್‌ಬಿ. ಎಷ್ಟೋ ಬಯಾಸ್‌ಗಳು ಯುಎಸ್‌ಬಿ ಕೀಬೋರ್ಡಿಗೆ ಪಿಎಸ್/2ರ ವೇಷ ಹಾಕಿ ತೋರಿಸುತ್ತವೆ, ಅಲ್ಲೂ ಒಬ್ಬ ಭಾಗವತ! ಈ ಪಿಸಿಯಲ್ಲಿ ಆ ಸೆಟ್ಟಿಂಗ್ ಎಷ್ಟು ಹುಡುಕಿದರೂ ಸಿಗಲಿಲ್ಲ. ಯುಎಸ್‌ಬಿ ಓದುವ ಕೋಡು ಬರೆಯಲು ಹೊರಟರೆ ಇವನ ಇಡೀ ಓಎಸ್‌ಗಿಂತ ದೊಡ್ಡದಾಗುತ್ತದೆ.

ಹಾಗಾಗಿ ಮಳೆ ಸ್ವಲ್ಪ ಹೊಳವಾದ ದಿನ ಶಿವಮೊಗ್ಗಕ್ಕೆ ಹೋಗಿ ಹಳೇ ಕಂಪ್ಯೂಟರ್ ಸಾಮಾನಿನ ಅಂಗಡಿಯೊಂದರಲ್ಲಿ ಕೇಳಿದೆವು. ಅಂಗಡಿಯವರು ಕನ್ನಡಕ ಮೇಲಕ್ಕೇರಿಸಿ, "ರೌಂಡ್ ಪಿನ್ನಿಂದಾ? ಈಗ ಯಾರು ಕೇಳ್ತಾರೆ ಸಾರ್ ಅದನ್ನ" ಅನ್ನುತ್ತ ಒಂದು ರಟ್ಟಿನ ಡಬ್ಬಿಯೊಳಗೆ ಕೈ ಹಾಕಿ ವೈರು ಬಿಡಿಸತೊಡಗಿದರು. ಮೊದಲು ಹಸಿರು ಬಣ್ಣದ ಪಿನ್ ಮೇಲೆ ಬಂತು. "ಅದು ಮೌಸಿಂದು" ಅಂದ ಹುಡುಗ, "ನೇರಳೆ ನೋಡಿ, ನೇರಳೆ."